ಆಟಿ ಎಂಟು ಅಂದರೆ ಅಂಕ ಇಲ್ಲ: ಗಡಿನಾಡ ಹಿರಿಯರ ನೆನಪಿನ ಲೆಕ್ಕ

"ಇಪ್ಪೋಳ್ ಏದಾ ಮಾಸಂ?" ಎಂದು ಡಾಕ್ಟರ್ ಮಲಯಾಳದಲ್ಲಿ ಕೇಳಿದರು, ಈಗ ಯಾವ ತಿಂಗಳು ಅಂತ.

ದೊಡ್ಡಮ್ಮ ಒಂದು ಗಳಿಗೆ ಮೇಲೆ ನೋಡಿ, ಬೆರಳು ಮಡಚಿ, "ಆಟಿ. ಇಂದಿಂಗೆ ಎಂಟು" ಅಂದರು.

ಡಾಕ್ಟರ್ ಕಾಗದದಲ್ಲಿ ಏನೋ ಗುರುತು ಹಾಕಿದರು. ಮುಂದಿನ ಪ್ರಶ್ನೆ, "ಏದ್ ಸಂಸ್ಥಾನಂ?" ಮಲಯಾಳದಲ್ಲಿ ಸಂಸ್ಥಾನ ಅಂದರೆ ರಾಜ್ಯ. ನಮ್ಮ ಕಡೆ ಸಂಸ್ಥಾನ ಅಂದರೆ ಮಠ. ದೊಡ್ಡಮ್ಮ ತಡಮಾಡದೆ "ಎಡನೀರು" ಅಂದರು. ಇನ್ನೊಂದು ಗುರುತು. ಜಿಲ್ಲೆ? "ಸೌತ್ ಕೆನರಾ." ಎಷ್ಟನೇ ಮಹಡಿ? "ಆ ಪೆಟ್ಟಿಗೆಯೊಳಗೆ ನಿಲ್ಲಿಸಿ ಕರಕ್ಕೊಂಡು ಬಂದದ್ದು, ಎನಗೆಂತ ಗೊಂತು?"

ರೋಗಿಯ ಪರವಾಗಿ ಯಾರೂ ಉತ್ತರ ಹೇಳಬಾರದು ಎಂದು ಮೊದಲೇ ಹೇಳಿದ್ದರು. ಹಾಗಾಗಿ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅವತ್ತು ಜುಲೈ 24. ಬೇಕಾದರೆ ಪಂಚಾಂಗ ತೆಗೆದು ನೋಡಿ, ತುಳುನಾಡಿನ ತಿಂಗಳ ಲೆಕ್ಕದಲ್ಲಿ ಆಟಿ ಎಂಟೇ. ತಿಂಗಳೂ ಸರಿ, ದಿನವೂ ಸರಿ. ಇದೇ ತಿಂಗಳಿಗೆ ಮಲಯಾಳದಲ್ಲಿ ಕರ್ಕಿಡಕಂ ಎನ್ನುತ್ತಾರೆ. ಆ ಹೆಸರು ಹೇಳಿದ್ದರೆ ಡಾಕ್ಟರಿಗೂ ಗೊತ್ತಾಗುತ್ತಿತ್ತು. ಆದರೆ 86 ವರ್ಷದ ನಮ್ಮ ದೊಡ್ಡಮ್ಮ ಬದಿಯಡ್ಕದ ಹತ್ತಿರದ ಅಡಿಕೆ ತೋಟದ ಮನೆಯಲ್ಲಿ ಎಂದೂ ಕರ್ಕಿಡಕ ಎಣಿಸಿದವರಲ್ಲ. ಆ ಡಾಕ್ಟರ್ ದಕ್ಷಿಣದ ಜಿಲ್ಲೆಯಿಂದ ಬಂದ ಹುಡುಗಿ. ಒಳ್ಳೆಯ ಹುಡುಗಿ, ತಾಳ್ಮೆಯಿಂದಲೇ ಕೇಳಿದಳು. ಆಟಿ ಅಂದರೆ ಏನೆಂದು ಅವಳಿಗೆ ಗೊತ್ತಿರಬೇಕು ಅನ್ನುವುದಾದರೂ ಹೇಗೆ?

ಜಿಲ್ಲೆಯ ಉತ್ತರ ಮಾತ್ರ ನಿಜಕ್ಕೂ ತಪ್ಪು. ಆದರೆ ಆ ತಪ್ಪಿಗೂ ಒಂದು ಇತಿಹಾಸ ಇದೆ. ದೊಡ್ಡಮ್ಮ ಹುಟ್ಟಿದಾಗ ಕಾಸರಗೋಡು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರ ನವೆಂಬರ್ 1ರಂದು ಕೇರಳವಾಯಿತು. ಮೊದಲು ಮಲಬಾರ್, ಮರು ವರ್ಷ ಕಣ್ಣೂರು, 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. ಮನುಷ್ಯ ಮನೆ ಬದಲಿಸಲಿಲ್ಲ, ಜಿಲ್ಲೆ ಮೂರು ಸಲ ಬದಲಾಯಿತು. ನೆನಪು ಮಸುಕಾಗುವಾಗ ಮೊದಲು ಜಾರುವುದು ಇತ್ತೀಚಿನದ್ದು, ಹಳೆಯದ್ದು ಗಟ್ಟಿಯಾಗಿ ಕೂತಿರುತ್ತದೆ. ಅವರ ಮಟ್ಟಿಗೆ ಗಟ್ಟಿಯಾಗಿ ಕೂತದ್ದು ಸೌತ್ ಕೆನರಾ.

ಕೇಳಿದ ಪ್ರಶ್ನೆಗಳು ಸುಮ್ನೆ ಬಾಯಿಗೆ ಬಂದವಲ್ಲ. ಎಂಎಂಎಸ್‌ಇ ಎಂಬ ಈ ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಒಟ್ಟು 30 ಅಂಕ. ಅದರಲ್ಲಿ 10 ಅಂಕ ಕಾಲ ಮತ್ತು ಜಾಗ ಗೊತ್ತಿದೆಯೇ ಎನ್ನುವುದಕ್ಕೆ. ಉಳಿದದ್ದು ಮೂರು ಶಬ್ದ ನೆನಪಿಟ್ಟು ಹೇಳುವುದು, 100ರಿಂದ ಏಳೇಳು ಕಳೆಯುತ್ತ ಹೋಗುವುದು, ಒಂದು ವಾಕ್ಯ ಬರೆಯುವುದು, ಚಿತ್ರ ನೋಡಿ ಬಿಡಿಸುವುದು, ಇಂಥವು. ಸಾಮಾನ್ಯವಾಗಿ 24ಕ್ಕಿಂತ ಕೆಳಗೆ ಬಂದರೆ ಸಂಶಯ ಪಡುತ್ತಾರೆ. ದೊಡ್ಡಮ್ಮನಿಗೆ ಸಿಕ್ಕಿದ್ದು 19. ಕಳೆದುಹೋದ ಹನ್ನೊಂದರಲ್ಲಿ ಆಟಿ, ಎಂಟು, ಸಂಸ್ಥಾನ ಎಂದು ಮೂರು ಅಂಕ ಬರೀ ಭಾಷೆಯ ಜಟಾಪಟಿಯಲ್ಲೇ ಹೋಯಿತು.

ಹಾಗಂತ ಅವರಿಗೆ ಏನೂ ಆಗಿಲ್ಲ ಅಂತಲ್ಲ. ನಾವು ಕಾರಣವಿಲ್ಲದೆ ಆಸ್ಪತ್ರೆಗೆ ಹೋಗಿರಲಿಲ್ಲ. ಎರಡು ತಿಂಗಳಿಂದ ಕೊದಿಲಿಗೆ (ಘಟ್ಟದ ಮೇಲಿನವರ ಸಾಂಬಾರಿಗೆ) ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ಗ್ಯಾಸ್ ಉರಿಯುತ್ತಲೇ ಇರುತ್ತಿತ್ತು. ಬೆಂಗಳೂರಿನಿಂದ ಮಗ ಬಂದನಾ ಎಂದು ಒಂದೇ ಬೆಳಿಗ್ಗೆ ಮೂರು ಸಲ ಕೇಳುತ್ತಿದ್ದರು.

ಯಾವ ಮರೆವು ಸಹಜ, ಯಾವುದು ಅಲ್ಲ? ಹೋದ ವಾರ ಅಡಿಕೆಗೆ ಎಷ್ಟು ರೇಟು ಇತ್ತು ಎಂಬುದು ಮರೆತರೆ, ಮದುವೆಮನೆಯಲ್ಲಿ ಎದುರು ಸಿಕ್ಕವರ ಹೆಸರು ನಾಲಿಗೆಯ ತುದಿಯಲ್ಲೇ ನಿಂತು ಆಮೇಲೆ ಊಟದ ಹೊತ್ತಿಗೆ ನೆನಪಾದರೆ, ಅದು ವಯಸ್ಸು. ಅರವತ್ತರ ಮೇಲೆ ಮಿದುಳು ನಿಧಾನ ಆಗುತ್ತದೆ, ಕಪಾಟಿನಲ್ಲಿ ಹುಡುಕಿ ತೆಗೆಯಲು ಹೊತ್ತು ಬೇಕು. ಆದರೆ ನಲುವತ್ತು ವರ್ಷ ಅಡಿಕೆ ಮಾರಿದವರಿಗೆ ಚೀಲದ ಲೆಕ್ಕವೇ ಕೈಗೆ ಸಿಗದಿದ್ದರೆ, ತಮ್ಮದೇ ತೋಟದಲ್ಲಿ ಕೆರೆಗೆ ಹೋಗುವ ದಾರಿ ತಪ್ಪಿದರೆ, ಮದುವೆಗೆ ಹೋಗಿ ಬಂದದ್ದೇ ನೆನಪಿಲ್ಲದಿದ್ದರೆ, ಅದು ಬರೀ ವಯಸ್ಸಲ್ಲ. "ಪ್ರಾಯ ಆಯ್ತಲ್ಲ, ಅರಳುಮರುಳು" ಎಂದು ನಾವು ಕೈ ತೊಳೆದುಕೊಳ್ಳುವುದು ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕಿ. ನನ್ನ ಪ್ರಕಾರ ಆ ಶಬ್ದದಿಂದ ಆದಷ್ಟು ಅನಾಹುತ ಯಾವ ಕಾಯಿಲೆಯಿಂದಲೂ ಆಗಿಲ್ಲ.

ದೇಶದ ಲೆಕ್ಕ ನೋಡಿದರೆ ಇದು ಸಣ್ಣ ವಿಷಯ ಅಲ್ಲ. ಹಿರಿಯರ ಆರೋಗ್ಯದ ರಾಷ್ಟ್ರೀಯ ಸಮೀಕ್ಷೆಯ ಆಧಾರದಲ್ಲಿ 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ, 60 ದಾಟಿದ ಭಾರತೀಯರಲ್ಲಿ ಶೇ. 7.4 ಮಂದಿಗೆ ಡಿಮೆನ್ಶಿಯಾ (ದಿನದ ಕೆಲಸವೇ ಕೆಡುವಷ್ಟು ಮರೆವಿನ ಕಾಯಿಲೆ) ಇದೆ. ಅಂದರೆ ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ. ಶಾಲೆಯ ಮೆಟ್ಟಿಲು ಹತ್ತದ ಹಳ್ಳಿಯ ಅಜ್ಜಿಯಂದಿರು ಇದರ ಮುಂದಿನ ಸಾಲಿನಲ್ಲಿದ್ದಾರೆ.

ಮೊದಲು ಮಾತ್ರೆಯ ಡಬ್ಬಿ ನೋಡಿ

ಮರೆವು ಕಂಡ ಕೂಡಲೇ ಅಲ್‌ಝೈಮರ್ಸ್ (ಡಿಮೆನ್ಶಿಯಾದಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು) ಎಂದು ಹೆದರುವ ಮೊದಲು, ವಾಪಸು ತರಬಹುದಾದ ಮರೆವು ಯಾವುದು ಎಂದು ನೋಡಬೇಕು. ಅಂಥ ಕಾರಣಗಳು ಬೇಕಾದಷ್ಟಿವೆ. ಅವು ಸಿಗುವುದು ಹೆಚ್ಚಾಗಿ ದೊಡ್ಡ ಸ್ಕ್ಯಾನಿನಲ್ಲಲ್ಲ, ಮನೆಯ ಮಾತ್ರೆಯ ಡಬ್ಬಿಯಲ್ಲಿ ಮತ್ತು ಸಾದಾ ರಕ್ತಪರೀಕ್ಷೆಯಲ್ಲಿ.

ದೊಡ್ಡಮ್ಮನ ಡಬ್ಬಿ ಹಳೆಯ ಹಾರ್ಲಿಕ್ಸ್ ಬಾಟಲಿ. ಅವತ್ತು ಮನೆಗೆ ಬಂದು ಅದನ್ನು ಚಾವಡಿಯಲ್ಲಿ ಮಗುಚಿ ಹಾಕಿದೆವು. ಬಿಪಿಯದ್ದು ಇತ್ತು, ಶುಗರಿನ ಮೆಟ್‌ಫಾರ್ಮಿನ್ ಇತ್ತು, ಹತ್ತು ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ನುಂಗುವ ಗ್ಯಾಸಿನ ಮಾತ್ರೆ ಇತ್ತು. ಜೊತೆಗೆ ಮೈ ತುರಿಕೆಗೆ ಅಂತ ಯಾರೋ ಮೆಡಿಕಲಿನಿಂದ ತಂದುಕೊಟ್ಟ ಸಣ್ಣ ಮಾತ್ರೆಯ ಹಾಳೆಗಳು. "ಅದು ತೆಕ್ಕೊಂಡ್ರೆ ಒಳ್ಳೆ ನಿದ್ದೆ ಬತ್ತು" ಎಂದು ದಿನಾ ರಾತ್ರಿ ತಗೊಳ್ಳುತ್ತಿದ್ದರಂತೆ. ಮಳೆ ಶುರುವಾದಾಗಿನಿಂದ.

ಹಳೆ ಕಾಲದ ಅಲರ್ಜಿ ಮಾತ್ರೆಗಳು, ಕೆಲವು ನಿದ್ದೆ ಮಾತ್ರೆಗಳು, ಮೂತ್ರ ಹಿಡಿತಕ್ಕೆ ಕೊಡುವ ಕೆಲವು ಔಷಧಗಳು ವಯಸ್ಸಾದ ಮಿದುಳನ್ನು ಮಂಕು ಮಾಡುತ್ತವೆ. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸಕ್ಕೆ ಇವುಗಳಲ್ಲಿ ಹಲವು ನೇರವಾಗಿ ಅಡ್ಡ ಬರುತ್ತವೆ. ಮೂವತ್ತರ ಪ್ರಾಯದವರಿಗೆ ಬರೀ ತೂಕಡಿಕೆ ಕೊಡುವ ಮಾತ್ರೆ ಎಂಬತ್ತಾರರಲ್ಲಿ ಗೊಂದಲ ಕೊಡುತ್ತದೆ. ಇನ್ನು ಬಿ12. ಇದು ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ. ಸಸ್ಯಾಹಾರಿ ಹಿರಿಯರಲ್ಲಿ ಕೊರತೆ ಮಾಮೂಲು. ಅದರ ಮೇಲೆ ಮೆಟ್‌ಫಾರ್ಮಿನ್ ಮತ್ತು ಗ್ಯಾಸಿನ ಮಾತ್ರೆ ಎರಡೂ ಬಿ12 ಮೈಗೆ ಹತ್ತುವುದನ್ನು ಕಡಿಮೆ ಮಾಡುತ್ತವೆ. ದೊಡ್ಡಮ್ಮನ ಬಿ12 ತಳ ಹಿಡಿದಿತ್ತು. ಥೈರಾಯ್ಡ್ ಕಡಿಮೆ ಇದ್ದರೂ ಹೀಗೇ ಆಗುತ್ತದೆ. ರಕ್ತದಲ್ಲಿ ಸೋಡಿಯಂ ಇಳಿದರೂ ಅಷ್ಟೇ. ಬಿಪಿಗೆ ಮೂತ್ರ ಹೋಗಿಸುವ ಮಾತ್ರೆ ತಗೊಳ್ಳುವವರು ನಾಲ್ಕು ದಿನ ಬೇಧಿಯಾಗಿ ಮಲಗಿದರೆ ಮನೆಯವರ ಗುರುತೇ ತಪ್ಪುವುದುಂಟು.

ಒಂದು ಎಚ್ಚರ ಹೇಳಲೇಬೇಕು. ಇದನ್ನು ಓದಿ ಮಾತ್ರೆ ನೀವೇ ನಿಲ್ಲಿಸಬೇಡಿ. ಇಡೀ ಡಬ್ಬಿಯನ್ನು ಚೀಲದಲ್ಲಿ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಮಂಗಳೂರಿನ ಒಬ್ಬರು, ಕಾಸರಗೋಡಿನ ಇನ್ನೊಬ್ಬರು, ಊರಿನ ಕ್ಲಿನಿಕ್ಕಿನ ಮತ್ತೊಬ್ಬರು ಕೊಟ್ಟದ್ದು ಒಂದೇ ಡಬ್ಬಿಯಲ್ಲಿ ಸೇರಿರುತ್ತದೆ. ಗಡಿಯ ಆಚೆ ಈಚೆ ಎರಡೂ ಕಡೆ ಮದ್ದು ಮಾಡಿಸುವ ನಮ್ಮಂಥವರಿಗೆ ಇದು ಜಾಸ್ತಿ.

ಮಳೆಗಾಲದ ಇನ್ನೊಂದು ಕಾರಣ ಬೀಳುವುದು. ಜೂನ್ ಬಂತೆಂದರೆ ಅಂಗಳದಲ್ಲಿ, ಬಾವಿಕಟ್ಟೆಯಲ್ಲಿ ಹಾವಸೆ. ಜಾರಿ ಬಿದ್ದು ತಲೆಗೆ ಸಣ್ಣ ಪೆಟ್ಟು, ಎಣ್ಣೆ ಹಚ್ಚಿ ಸುಮ್ಮನಾಗುತ್ತಾರೆ. ವಯಸ್ಸಾದವರಲ್ಲಿ ತಲೆಬುರುಡೆಯ ಒಳಗೆ ನಿಧಾನಕ್ಕೆ ರಕ್ತ ಸೇರುತ್ತ ಹೋಗಬಹುದು. ಮೂರ್ನಾಲ್ಕು ವಾರ ಕಳೆದು ಮಂಕು, ಮರೆವು, ನಡಿಗೆಯಲ್ಲಿ ಓಲಾಟ ಶುರುವಾದಾಗ ಬಿದ್ದ ಸಂಗತಿಯೇ ಯಾರಿಗೂ ನೆನಪಿರುವುದಿಲ್ಲ. ಸಮಯಕ್ಕೆ ಕಂಡುಹಿಡಿದರೆ ಆಪರೇಷನ್ನಿನಿಂದ ಸರಿಯಾಗುತ್ತದೆ.

ಕಿವಿ, ಕಣ್ಣು, ಸುರಂಗದ ನೀರು

2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಒಂದು ದೊಡ್ಡ ವರದಿ ಕೊಟ್ಟಿತು. ಡಿಮೆನ್ಶಿಯಾದ ಹಿಂದೆ ನಾವು ಬದಲಾಯಿಸಬಹುದಾದ 14 ಕಾರಣಗಳಿವೆ, ಅವನ್ನೆಲ್ಲ ಪೂರ್ತಿ ತೆಗೆದುಹಾಕಲು ಸಾಧ್ಯವಾದರೆ ಜಗತ್ತಿನಲ್ಲಿ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ನಿಮ್ಮ ಅಜ್ಜಿಗೆ ಬರುವ ಸಾಧ್ಯತೆ ಶೇ. 45 ಕಡಿಮೆಯಾಗುತ್ತದೆ ಎಂದು ಇದರ ಅರ್ಥ ಅಲ್ಲ, ಇದು ಇಡೀ ಜನಸಂಖ್ಯೆಯ ಲೆಕ್ಕ. ಪಟ್ಟಿಯಲ್ಲಿ ಬಿಪಿ, ಶುಗರ್, ಕೊಲೆಸ್ಟರಾಲ್, ಬೀಡಿ ಸಿಗರೇಟು, ಕುಡಿತ, ಬೊಜ್ಜು, ಮೈ ಅಲುಗಿಸದಿರುವುದು, ಖಿನ್ನತೆ, ತಲೆಗೆ ಪೆಟ್ಟು, ಕೆಟ್ಟ ಗಾಳಿ, ಕಡಿಮೆ ಓದು, ಒಂಟಿತನ, ಕಿವಿ, ಕಣ್ಣು ಎಲ್ಲ ಇವೆ. ಎಲ್ಲವನ್ನೂ ಇಲ್ಲಿ ಅರೆಯಲು ಹೋಗುವುದಿಲ್ಲ. ನಮ್ಮ ಕಡೆ ಯಾರೂ ಲೆಕ್ಕಕ್ಕೇ ಇಡದ ಒಂದನ್ನು ಎತ್ತಿಕೊಳ್ಳುತ್ತೇನೆ. ಕಿವಿ.

ಕಣ್ಣಿಗೆ ಪೊರೆ ಬಂದರೆ ನಾವು ಆಪರೇಷನ್ ಮಾಡಿಸುತ್ತೇವೆ. ಕಿವಿ ಮಂದವಾದರೆ ನಗುತ್ತೇವೆ. ಕಿವಿ ಕೇಳದ ಅಜ್ಜ ಅಂದರೆ ನಮಗೆ ಹಾಸ್ಯದ ಪಾತ್ರ. ಆದರೆ ಅಜ್ಜನ ಒಳಗೆ ಆಗುವುದೇ ಬೇರೆ. ಅರ್ಧ ಕೇಳಿದ ಮಾತನ್ನು ಜೋಡಿಸುವುದರಲ್ಲೇ ಮಿದುಳಿನ ಶಕ್ತಿ ಮುಗಿಯುತ್ತದೆ, ನೆನಪಿಡಲು ಉಳಿಯುವುದಿಲ್ಲ. ಸರಿಯಾಗಿ ಒಳಗೇ ಹೋಗದ ಮಾತು ಹೊರಗೆ ಬರುವುದಾದರೂ ಹೇಗೆ? ಆಮೇಲೆ ತಪ್ಪು ಉತ್ತರ ಕೊಟ್ಟು ನಗೆಪಾಟಲಾಗುವುದು ಬೇಡ ಎಂದು ಚಾವಡಿಯಿಂದ ಒಳಗೆ ಸರಿಯುತ್ತಾರೆ. ಮಾತು ನಿಲ್ಲುತ್ತದೆ. ಒಂಟಿತನ ಪಟ್ಟಿಯ ಇನ್ನೊಂದು ಕಾರಣ ಅಲ್ವಾ? ಒಂದು ಇನ್ನೊಂದನ್ನು ಎಳೆದುಕೊಂಡು ಬರುತ್ತದೆ.

ಶ್ರವಣಯಂತ್ರ ಹಾಕಿದರೆ ಮರೆವು ತಡೆಯಬಹುದಾ? 2023ರಲ್ಲಿ ಪ್ರಕಟವಾದ ಅಚೀವ್ ಎಂಬ ಅಮೆರಿಕದ ಪ್ರಯೋಗ ಇದನ್ನೇ ಮೂರು ವರ್ಷ ನೋಡಿತು. ಎಲ್ಲರನ್ನೂ ಒಟ್ಟು ಸೇರಿಸಿ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಬಿಪಿ, ಶುಗರಿನಂಥ ತೊಂದರೆ ಮೊದಲೇ ಜಾಸ್ತಿ ಇದ್ದ ಗುಂಪಿನಲ್ಲಿ ಬುದ್ಧಿ ಮಂಕಾಗುವ ವೇಗ ಸುಮಾರು ಅರ್ಧಕ್ಕೆ ಇಳಿಯಿತು. ಜಾಹೀರಾತುಗಳು ಎರಡನೆಯ ವಾಕ್ಯ ಮಾತ್ರ ಹೇಳುತ್ತವೆ. ಮೊದಲನೆಯದನ್ನೂ ಸೇರಿಸಿಯೇ ಓದಬೇಕು. ಹಾಗಿದ್ದರೂ ನಾನು ಕಿವಿ ತೋರಿಸಿ ಅಂತಲೇ ಹೇಳುವವನು. ಮರೆವು ತಡೆಯಲಿ ಬಿಡಲಿ, ಮಾತು ಕೇಳಿಸುತ್ತದಲ್ಲ. ದೊಡ್ಡಮ್ಮನ ಎಡಗಿವಿಯಿಂದ ತೆಗೆದ ಗುಗ್ಗೆ ಅಡಿಕೆ ಹೋಳಿನಷ್ಟಿತ್ತು. ಯಂತ್ರ ಆಮೇಲಿನ ಮಾತು.

ಬಿಪಿಯ ವಿಷಯ ಕಾಸರಗೋಡಿನವರಿಗೆ ಸುರಂಗ ತೋರಿಸಿ ಹೇಳಬಹುದು. ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಕೊರೆದ ನಮ್ಮ ನೀರಿನ ಸುರಂಗಗಳಲ್ಲಿ ಒರತೆ ತೊಟ್ಟು ತೊಟ್ಟಾಗಿ ಬರುತ್ತದೆ. ಮಣ್ಣು ಕುಸಿದು ಕಟ್ಟಿದರೆ ಮೇಲೆ ನಿಂತವರಿಗೆ ಏನೂ ಕಾಣುವುದಿಲ್ಲ, ಕೆಳಗಿನ ತೋಟ ಮಾತ್ರ ಬಾಡುತ್ತದೆ. ಮಿದುಳಿನ ಆಳದ ಸಣ್ಣ ರಕ್ತನಾಳಗಳೂ ಹಾಗೇ. ವರ್ಷಗಟ್ಟಲೆ ಜಾಸ್ತಿ ಒತ್ತಡ ತಿಂದು ದಪ್ಪವಾಗುತ್ತವೆ, ಅಲ್ಲಲ್ಲಿ ಮುಚ್ಚಿಹೋಗುತ್ತವೆ. ಪಕ್ಷವಾತದ ಹಾಗೆ ಸದ್ದು ಮಾಡುವುದಿಲ್ಲ. ಅಮೆರಿಕದ ಸ್ಪ್ರಿಂಟ್ ಪ್ರಯೋಗದಲ್ಲಿ 9,300ಕ್ಕೂ ಹೆಚ್ಚು ಮಂದಿ ಇದ್ದರು. ಮೇಲಿನ ಬಿಪಿಯನ್ನು 120ರ ಒಳಗೆ ಇಡುವ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಮರೆವಿನ ಮೊದಲ ಹಂತ ಶೇ. 19ರಷ್ಟು ಕಡಿಮೆಯಾಯಿತು ಎಂದು 2019ರಲ್ಲಿ ಗೊತ್ತಾಯಿತು. ಪೂರ್ಣ ಡಿಮೆನ್ಶಿಯಾದಲ್ಲಿ ಮಾತ್ರ ಖಚಿತವಾಗಿ ಹೇಳುವಷ್ಟು ಅಂತರ ಸಿಗಲಿಲ್ಲ. 120 ಎಲ್ಲರಿಗೂ ಹೊಂದುವ ಸಂಖ್ಯೆಯಲ್ಲ, ಎದ್ದು ನಿಂತಾಗ ತಲೆ ತಿರುಗುವ ಅಜ್ಜನಿಗೆ ಡಾಕ್ಟರೇ ಬೇರೆ ಗುರಿ ಹೇಳಬೇಕು. ಆದರೆ "ಎನಗೆ ಬಿಪಿ ಇದ್ದು, ಆದರೆ ತೊಂದರೆ ಎಂತ ಇಲ್ಲೆ" ಎಂದು ಮಾತ್ರೆ ಬಿಡುವವರು ನಮ್ಮಲ್ಲಿ ಮನೆಗೊಬ್ಬರು. ತೊಂದರೆ ಕಾಣುವುದು ಇಪ್ಪತ್ತು ವರ್ಷ ಬಿಟ್ಟು.

ಉಪ್ಪಿನ ಮಾತು ಎತ್ತಿದರೆ ಮನೆಯಲ್ಲಿ ಜಗಳ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಸಣ್ಣ ಚಮಚ. ಕುಚ್ಚಿಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ, ಸುಟ್ಟ ಹಲಸಿನ ಹಪ್ಪಳ ಎದುರಿಗಿಟ್ಟುಕೊಂಡು ಈ ಲೆಕ್ಕ ಹೇಳಲು ನನಗೂ ಧೈರ್ಯ ಇಲ್ಲ. ಮಿಡಿಯೊಂದು ಇರಲಿ, ಅದರ ರಸ ಗಂಜಿಗೆ ಬೆರೆಸುವುದಾದರೂ ಬಿಡಬಹುದು. ಮೀನು ತಿನ್ನುವ ಮನೆಯಲ್ಲಿ ಒಣಮೀನಿಗೂ ಇದೇ ಮಾತು. ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರಿಗೆ ನಾನು ಏನೂ ಹೊಸದಾಗಿ ಹೇಳಬೇಕಾಗಿಲ್ಲ.

ನಡಿಗೆ ಒಳ್ಳೆಯದು ಅನ್ನುವುದು ಎಲ್ಲರಿಗೂ ಗೊತ್ತು. ಎಷ್ಟು ಒಳ್ಳೆಯದು ಎನ್ನುವುದು ಗೊತ್ತಿರಲಿಕ್ಕಿಲ್ಲ. ಹೊಸ ನೆನಪು ಕಟ್ಟುವ ಹಿಪ್ಪೊಕ್ಯಾಂಪಸ್ ಎಂಬ ಭಾಗ ವಯಸ್ಸಿನ ಜೊತೆ ಕುಗ್ಗುತ್ತ ಬರುತ್ತದೆ. 2011ರ ಒಂದು ಪ್ರಯೋಗದಲ್ಲಿ 120 ಹಿರಿಯರಲ್ಲಿ ಅರ್ಧ ಜನ ವಾರಕ್ಕೆ ಮೂರು ದಿನ, 40 ನಿಮಿಷದವರೆಗೆ ಚುರುಕಾಗಿ ನಡೆದರು. ಒಂದು ವರ್ಷದಲ್ಲಿ ಅವರ ಹಿಪ್ಪೊಕ್ಯಾಂಪಸ್ ಕುಗ್ಗುವ ಬದಲು ಸುಮಾರು ಶೇ. 2ರಷ್ಟು ಹಿಗ್ಗಿತ್ತು. ನಮ್ಮ ಹಿರಿಯರಿಗೆ ಮೊದಲು ನಡಿಗೆ ಬೇರೆ ಬೇಕಾಗಿರಲಿಲ್ಲ. ಮನೆ ಗುಡ್ಡದ ಬುಡದಲ್ಲಿ, ರಸ್ತೆ ಗುಡ್ಡದ ನೆತ್ತಿಯಲ್ಲಿ. ಈಗ ಅಂಗಳದವರೆಗೆ ಕಾಂಕ್ರೀಟು, ತೋಟಕ್ಕೆ ಸ್ಪ್ರಿಂಕ್ಲರು, ಪೇಟೆಗೆ ರಿಕ್ಷಾ.

ಎರಡನೇ ಸಂಕ

ಈಗ ನನಗೆ ಹೆಚ್ಚು ಆಸಕ್ತಿ ಇರುವ ವಿಷಯ. ಕಾಸರಗೋಡಿಗೆ ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣಗಳಲ್ಲಿ ಹೇಳುತ್ತಾರೆ. ಭಾಷಣ ಬಿಟ್ಟು ನಮ್ಮ ಮನೆಗೆ ಬಂದರೆ, ದೊಡ್ಡಮ್ಮ ಒಳಗೆ ಹವ್ಯಕ, ಕೆಲಸದವರ ಹತ್ತಿರ ತುಳು, ಪೇಟೆಯಲ್ಲಿ ಮಲಯಾಳ, ಹೊರಗಿನ ನೆಂಟರ ಹತ್ತಿರ ಶಾಲೆಯ ಕನ್ನಡ. ಅಡಿಕೆ ಕೊಳ್ಳಲು ಬರುವವರ ಹತ್ತಿರ ಮುರುಕು ಬ್ಯಾರಿ. ಅವರು ಓದಿದ್ದು ಐದನೇ ಕ್ಲಾಸು.

ಇದರಿಂದ ಮಿದುಳಿಗೆ ಲಾಭ ಇದೆಯಾ? ಜಗತ್ತಿನಲ್ಲಿ ಈ ಪ್ರಶ್ನೆಗೆ ಸಿಕ್ಕ ಒಳ್ಳೆಯ ಉತ್ತರಗಳಲ್ಲಿ ಒಂದು ನಮ್ಮ ದೇಶದ್ದೇ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಡಿಮೆನ್ಶಿಯಾ ಇರುವ 648 ಮಂದಿಯನ್ನು ನೋಡಿ 2013ರಲ್ಲಿ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆಯ ಲಕ್ಷಣ ಕಂಡದ್ದು ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ. ಅಕ್ಷರವೇ ಬರದವರಲ್ಲೂ ಈ ಅಂತರ ಇತ್ತು. ಹಾಗಾಗಿ ಇದು ಬರೀ ಓದಿನ ಫಲ ಅಂತ ತಳ್ಳಿಹಾಕುವ ಹಾಗಿಲ್ಲ. ಸಪ್ತಭಾಷೆಯವರಿಗೆ ಸ್ವಲ್ಪ ಬೇಸರದ ಸಂಗತಿಯೂ ಅದರಲ್ಲೇ ಇದೆ. ಎರಡಕ್ಕಿಂತ ಜಾಸ್ತಿ ಭಾಷೆ ಬಂದರೆ ಜಾಸ್ತಿ ಲಾಭ ಎಂದೇನೂ ಕಾಣಲಿಲ್ಲ.

ನಮ್ಮ ತೋಡಿನ ಸಂಕವನ್ನು (ಹಳ್ಳ ದಾಟುವ ಕಾಲುಸೇತುವೆಯನ್ನು) ನೆನೆಸಿಕೊಂಡರೆ ಇದು ಅರ್ಥವಾಗುತ್ತದೆ. ಎರಡು ಅಡಿಕೆ ಮರ ಹಾಕಿದ ಸಂಕ ಒಂದೇ ಇದ್ದರೆ, ಮಳೆಗೆ ಅದು ಕೊಚ್ಚಿ ಹೋದ ದಿನ ನೀವು ಈಚೆಯೇ. ಮೇಲೊಂದು, ಕೆಳಗೊಂದು ಸಂಕ ಗೊತ್ತಿದ್ದವರು ಸುತ್ತಿ ಬಳಸಿಯಾದರೂ ಆಚೆ ಮುಟ್ಟುತ್ತಾರೆ. ಎರಡು ಭಾಷೆಯವರ ಮಿದುಳು ದಿನವಿಡೀ ಒಂದನ್ನು ತಡೆದು ಇನ್ನೊಂದನ್ನು ಬಿಡುತ್ತಿರುತ್ತದೆ. ಅದರಿಂದ ಹೆಚ್ಚುವರಿ ದಾರಿಗಳು ಬೀಳುತ್ತವೆ ಎಂಬುದು ವಾದ. ಕಾಯಿಲೆ ಬರುವುದು ನಿಲ್ಲುವುದಿಲ್ಲ, ಹೊರಗೆ ಕಾಣುವುದು ತಡವಾಗುತ್ತದೆ. ಇದನ್ನು ಎಲ್ಲರೂ ಒಪ್ಪಿಲ್ಲ. ಆರೋಗ್ಯವಂತರನ್ನೇ ಆರಿಸಿ ಹಲವು ವರ್ಷ ಹಿಂಬಾಲಿಸಿದ ಕೆಲವು ಅಧ್ಯಯನಗಳಲ್ಲಿ ಈ ಲಾಭ ಕಂಡಿಲ್ಲ. ಆದರೂ ಮನೆಯ ಮಕ್ಕಳ ಹತ್ತಿರ ತುಳುವೋ ಹವ್ಯಕವೋ ಆಡಿದರೆ ಇಂಗ್ಲಿಷು ಹಾಳಾಗುತ್ತದೆ ಎನ್ನುವವರಿಗೆ ಹೇಳಲು ಇಷ್ಟು ಸಾಕು.

ಭಾಷೆಯ ಇನ್ನೊಂದು ಮುಖ ಕಾಯಿಲೆ ಮುಂದುವರಿದ ಮೇಲೆ ಕಾಣುತ್ತದೆ. ಹಲವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ, ತೊಟ್ಟಿಲಿನ ಭಾಷೆ ಕೊನೆಯವರೆಗೆ ಉಳಿಯುತ್ತದೆ. ನಮ್ಮ ಪಕ್ಕದ ಮನೆಯ ಅಜ್ಜರಿಗೆ ನೋಡಿಕೊಳ್ಳಲು ಹೋಂ ನರ್ಸ್ ಇಟ್ಟಿದ್ದಾರೆ. ಅವನಿಗೆ ಮಲಯಾಳ ಮಾತ್ರ ಬರುತ್ತದೆ. ಐವತ್ತು ವರ್ಷ ಮಲಯಾಳದಲ್ಲೇ ವ್ಯಾಪಾರ ಮಾಡಿದ ಅಜ್ಜರಿಗೆ ಈಗ ಅದು ಸದ್ದು ಮಾತ್ರ. "ಅಜ್ಜ ಮಾತಾಡುವುದೇ ಇಲ್ಲ" ಎಂದು ಅವನ ದೂರು. ಅಜ್ಜ ಮಾತಾಡುತ್ತಾರೆ, ತುಳುವಿನಲ್ಲಿ, ಹಟ್ಟಿಯ ದನದ ಹತ್ತಿರ.

ಮಿದುಳಿಗೆ ಕೆಲಸ ಕೊಡಿ ಎನ್ನುವಾಗ ಎಲ್ಲರೂ ಮೊಬೈಲ್ ಆಟ ತೋರಿಸುತ್ತಾರೆ. ಆಟ ಆಡಿದರೆ ಮುಖ್ಯವಾಗಿ ಆ ಆಟದಲ್ಲಿ ಹುಷಾರಾಗುತ್ತೀರಿ. ಆಟದಿಂದ ಮರೆವು ತಡೆಯಬಹುದು ಎಂದು ಆಧಾರವಿಲ್ಲದೆ ಜಾಹೀರಾತು ಕೊಟ್ಟದ್ದಕ್ಕೆ ಲ್ಯೂಮೋಸಿಟಿ ಕಂಪನಿ 2016ರಲ್ಲಿ ಅಮೆರಿಕದಲ್ಲಿ 20 ಲಕ್ಷ ಡಾಲರ್ ಕಟ್ಟಬೇಕಾಯಿತು. ಬೇಕಾದದ್ದು ಹೊಸತಾದ, ಸ್ವಲ್ಪ ಕಷ್ಟದ, ನಾಲ್ಕು ಜನರ ಜೊತೆ ಮಾಡುವ ಕೆಲಸ. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ತಾಳಮದ್ದಳೆಯ ಕೂಟ ಒಮ್ಮೆ ನೋಡಿ. ಭಾಗವತರು ಪದ್ಯ ಹಾಡಿ ಬಿಡುತ್ತಾರೆ. ಅರ್ಥಧಾರಿಗೆ ಪದ್ಯ ಬಾಯಿಗೆ ಬರಬೇಕು, ಪುರಾಣ ಕೈಯಲ್ಲಿರಬೇಕು, ಎದುರಿನ ಕರ್ಣ ಈಗಷ್ಟೇ ಎಸೆದ ಪ್ರಶ್ನೆಯನ್ನು ಹಿಡಿದುಕೊಂಡು ಅದಕ್ಕೆ ಬರೆದಿಡದ ಉತ್ತರ ಕಟ್ಟಬೇಕು, ಜೊತೆಗೆ ತನ್ನ ಸರದಿ ಎಲ್ಲಿ ಮುಗಿಸಬೇಕು ಅನ್ನುವ ಎಚ್ಚರವೂ ಇರಬೇಕು. ಕೇಳುವವರೂ ಸುಮ್ಮನಿರುವುದಿಲ್ಲ, ಮನಸ್ಸಿನಲ್ಲೇ ಇವನು ಸಿಕ್ಕಿಬಿದ್ದ ಎಂದು ಲೆಕ್ಕ ಹಾಕುತ್ತಾರೆ. ಕುಂಬಳೆ ಸೀಮೆಯಲ್ಲಿ ಎಂಬತ್ತು ದಾಟಿದ ಅರ್ಥಧಾರಿಗಳು ಕೂಟದಲ್ಲಿ ಕೂತು ಗಂಟೆಗಟ್ಟಲೆ ವಾದ ಮಾಡುವುದು ನಮಗೆ ಹೊಸತಲ್ಲ. ಇವರು ಗಟ್ಟಿ ಇದ್ದದ್ದಕ್ಕೆ ಅರ್ಥ ಹೇಳುತ್ತಾರೋ, ಅರ್ಥ ಹೇಳಿದ್ದಕ್ಕೆ ಗಟ್ಟಿ ಇದ್ದಾರೋ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಬಹುಶಃ ಎರಡೂ.

ಮಾರುಕಟ್ಟೆಯ ಬಾಟಲಿಗಳ ಬಗ್ಗೆ ಎರಡು ಮಾತು ಸಾಕು. ಮರೆವು ತಡೆಯಲೆಂದು ವಿಟಮಿನ್ ಬಿ, ಇ, ಮೀನೆಣ್ಣೆಯಂಥ ಮಾತ್ರೆಗಳನ್ನು ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಕೊರತೆ ಇದ್ದವರಿಗೆ ಬಿ12 ಕೊಡುವುದು ಬೇರೆ ವಿಷಯ. ಗಿಂಕ್ಗೊ ಎಲೆಯ ಸಾರವನ್ನು 3,069 ಹಿರಿಯರಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದರು. 2008ರಲ್ಲಿ ಬಂದ ಫಲಿತಾಂಶ, ಸೊನ್ನೆ. ನಮ್ಮ ಒಂದೆಲಗ? ಅದನ್ನೂ ನೀರುಬ್ರಾಹ್ಮಿಯನ್ನೂ ಬ್ರಾಹ್ಮಿ ಎಂಬ ಒಂದೇ ಹೆಸರಿನಲ್ಲಿ ಮಾರುತ್ತಾರೆ, ಎರಡೂ ಬೇರೆ ಗಿಡ. ತೋಡಿನ ಬದಿಯ ಒಂದೆಲಗದ ತಂಬುಳಿ ನಾನೂ ಉಣ್ಣುತ್ತೇನೆ, ರುಚಿಗೆ. ಕಾಯಿಲೆಗೆ ಹೊಸದಾಗಿ ಬಂದಿರುವ ಲೆಕನೆಮ್ಯಾಬ್‌ನಂಥ ಚುಚ್ಚುಮದ್ದು ಮೊದಲ ಹಂತದವರಲ್ಲಿ ಇಳಿತದ ವೇಗವನ್ನು ಒಂದೂವರೆ ವರ್ಷದಲ್ಲಿ ಸುಮಾರು ಶೇ. 27ರಷ್ಟು ತಗ್ಗಿಸಿತು. ಕಳೆದುಹೋದ ನೆನಪನ್ನು ಅದು ತರುವುದಿಲ್ಲ. ಮಿದುಳಿನಲ್ಲಿ ಊತ, ರಕ್ತಸ್ರಾವದ ಅಪಾಯ ಇರುವುದರಿಂದ ಮತ್ತೆ ಮತ್ತೆ ಎಂಆರ್‌ಐ ಬೇಕು. ತೋಟದ ಮನೆಯ ಲೆಕ್ಕಕ್ಕೆ ಅದು ಇನ್ನೂ ದೂರ.

ಯಾವ ಭಾಷೆಯಲ್ಲಿ ಕೇಳಬೇಕು?

ಮತ್ತೆ ಆ ಕಾಗದಕ್ಕೆ ಬರೋಣ. ಹರಿಯಾಣದ ಬಲ್ಲಭಗಢದಲ್ಲಿ ಓದದ ಹಳ್ಳಿಯವರಿಗಾಗಿ 1990ರ ದಶಕದಲ್ಲೇ ಎಂಎಂಎಸ್‌ಇಯನ್ನು ಹಿಂದಿಗೆ ತಂದರು. ಬರೀ ಭಾಷೆ ಬದಲಿಸಲಿಲ್ಲ, ಪ್ರಶ್ನೆಯನ್ನೇ ಬದಲಿಸಿದರು. 100ರಿಂದ ಏಳು ಕಳೆಯುವ ಬದಲು 20ರಿಂದ ಮೂರು, ಇಂಗ್ಲಿಷ್ ಸ್ಪೆಲ್ಲಿಂಗ್ ಹಿಂದುಮುಂದು ಹೇಳುವ ಬದಲು ವಾರದ ಹೆಸರುಗಳನ್ನು ಹಿಂದಿನಿಂದ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಇನ್ನೂ ಮುಂದೆ ಹೋಗಿ ನೆನಪು, ಮಾತು, ಗಮನ ಅಳೆಯುವ ಒಂದು ಪರೀಕ್ಷಾ ಪೆಟ್ಟಿಗೆಯನ್ನೇ ಐದು ಭಾರತೀಯ ಭಾಷೆಗಳಲ್ಲಿ ಸಿದ್ಧ ಮಾಡಿದೆ. ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳ. ನಮಗೆ ಬೇಕಾದ ಎರಡೂ ಇವೆ.

ಕೇರಳ ಈ ವಿಷಯದಲ್ಲಿ ಹಿಂದುಳಿದ ರಾಜ್ಯ ಅಲ್ಲ. ಅಲ್‌ಝೈಮರ್ಸ್ ರೋಗಿಗಳ ಮನೆಯವರಿಗಾಗಿ ದೇಶದ ಸಂಘಟನೆ ಎಆರ್‌ಡಿಎಸ್‌ಐ ಹುಟ್ಟಿದ್ದೇ ತೃಶ್ಶೂರಿನ ಕುನ್ನಂಕುಳಂನಲ್ಲಿ, 1992ರಲ್ಲಿ. 2014ರಲ್ಲಿ ಸರ್ಕಾರವೇ ಡಿಮೆನ್ಶಿಯಾ ಯೋಜನೆ ಶುರುಮಾಡಿತು. ಈಗ ಓರ್ಮತ್ತೋಣಿ ಎಂಬ ಯೋಜನೆ ಇದೆ, ನೆನಪಿನ ದೋಣಿ ಎಂದು ಅರ್ಥ. ಚಂದದ ಹೆಸರು. ಆ ದೋಣಿ ಚಂದ್ರಗಿರಿ ಹೊಳೆ ದಾಟಿ ಉತ್ತರಕ್ಕೆ ಬರುವಾಗ ಕನ್ನಡವನ್ನೂ ಹತ್ತಿಸಿಕೊಳ್ಳಬೇಕು ಅಷ್ಟೇ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರ್ಕಾರಕ್ಕೆ ತಮ್ಮ ಭಾಷೆಯಲ್ಲಿ ಬರೆಯಬಹುದು ಎಂದಿದೆ. ರೇಷನ್ ಕಾರ್ಡಿನ ಅರ್ಜಿಗೆ ಹೋರಾಡುವ ನಾವು, ಅಜ್ಜಿಗೆ ಬುದ್ಧಿ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವ ಕಾಗದಕ್ಕೆ ಯಾಕೆ ಕೇಳಿಲ್ಲ? ಕನ್ನಡ ಬಲ್ಲ ಆಶಾ ಕಾರ್ಯಕರ್ತೆಯರು, ನರ್ಸುಗಳು ಇಲ್ಲಿ ಬೇಕಾದಷ್ಟಿದ್ದಾರೆ. ಪರೀಕ್ಷೆಯ ಹೊತ್ತಿಗೆ ಒಬ್ಬರು ಪಕ್ಕದಲ್ಲಿದ್ದರೆ ಸಾಕಿತ್ತು. ಅಲ್ಲಿಯವರೆಗೆ ನಾವೇ ಮಾಡಬಹುದಾದದ್ದು ಇದು. ಪರೀಕ್ಷೆಗೆ ಕೂರಿಸುವ ಮೊದಲೇ ಮನೆಮಾತು ಯಾವುದು, ಎಷ್ಟು ಓದಿದ್ದಾರೆ, ಯಾವ ತಿಂಗಳ ಲೆಕ್ಕ ಇಡುತ್ತಾರೆ, ಕಿವಿ ಹೇಗಿದೆ ಎಂದು ಬರೆದು ಕೊಡಿ. ಮನೆಯಲ್ಲಿ ಆರು ತಿಂಗಳಿಂದ ಏನು ಬದಲಾಗಿದೆ ಎಂಬುದನ್ನೂ ಬರೆಯಿರಿ. 30ರ ಅಂಕಕ್ಕಿಂತ ಆ ಅರ್ಧ ಪುಟ ಡಾಕ್ಟರಿಗೆ ಹೆಚ್ಚು ಹೇಳುತ್ತದೆ. ಫೋನಿನಲ್ಲಿ ಕೇಳುವುದಿದ್ದರೆ ಕೇಂದ್ರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ, ಹಿರಿಯರ ಸಹಾಯವಾಣಿ 14567.

ಆಗಸ್ಟ್ 29ಕ್ಕೆ ದೊಡ್ಡಮ್ಮನನ್ನು ಮಂಗಳೂರಿಗೆ ಕರೆದುಕೊಂಡು ಹೋದೆವು. ಅಷ್ಟರಲ್ಲಿ ತುರಿಕೆಯ ಮಾತ್ರೆ ನಿಂತು ಐದು ವಾರ ಆಗಿತ್ತು, ಬಿ12 ಇಂಜೆಕ್ಷನ್ ನಡೆಯುತ್ತಿತ್ತು, ಎಡಗಿವಿ ಚೊಕ್ಕವಾಗಿತ್ತು. ಈ ಸಲ 24 ಬಂತು. ಎಷ್ಟು ಅಂಕ ಭಾಷೆಯಿಂದ, ಎಷ್ಟು ಮದ್ದಿನಿಂದ, ಎಷ್ಟು ಎರಡನೇ ಸಲ ಅದೇ ಪ್ರಶ್ನೆ ಕೇಳಿದ್ದರಿಂದ ಎಂದು ಬಿಡಿಸಿ ಹೇಳಲಾಗದು. ಮೂರು ಶಬ್ದಗಳಲ್ಲಿ ಒಂದು ಈ ಸಲವೂ ನೆನಪಾಗಲಿಲ್ಲ. ಆರು ತಿಂಗಳು ಬಿಟ್ಟು ಮತ್ತೆ ಬನ್ನಿ, ಗಮನ ಇಡಬೇಕು ಎಂದರು. ಮನೆಯಲ್ಲಿ ಗ್ಯಾಸಿನ ಹತ್ತಿರ ಈಗಲೂ ಯಾರಾದರೂ ಇರುತ್ತೇವೆ.

ಅಲ್ಲಿನ ಡಾಕ್ಟರ್ ಕನ್ನಡದವರು. ಕುರ್ಚಿ ಹತ್ತಿರ ಎಳೆದುಕೊಂಡು, "ಅಮ್ಮಾ, ಈಗ ಯಾವ ತಿಂಗಳು?" ಎಂದು ಕೇಳಿದರು.

ದೊಡ್ಡಮ್ಮ ಅವರನ್ನೇ ಒಂದು ಸಲ ನೋಡಿದರು. "ನಿಮ್ಮ ಲೆಕ್ಕದಲ್ಲಾ, ನಮ್ಮ ಲೆಕ್ಕದಲ್ಲಾ?"

"ಎರಡರಲ್ಲೂ ಹೇಳಿ."

"ಸೋಣ ಹದಿಮೂರು. ನಿಮ್ಮದು ಅಗೋಸ್ತು ಆಯಿಕ್ಕು."